ಚಾ ಎಲ್ಲಿ ಉಂಟು?

ಮಂಗಳೂರಿನ ಹುಡುಗ ಬಂಡಿ ನಿಲ್ಲಿಸಿ ಕೇಳಿದ:
"ನೋಡಿ ಇಚ್ಚಾ, ಇದು ಅಸಲಿ ಕೆಫೆ ರೇಸರ್ ಹೌದಾ?"
ಅಂದುಂಞಿಚ್ಚ ಕನ್ನಡಕ ಹಣೆಗೇರಿಸಿ
ಒಂದು ಸುತ್ತು ಬಂದರು,
ಹಸು ಕೊಳ್ಳಲು ಬಂದವರ ಹಾಗೆ.
ತಗ್ಗಿದ ಹ್ಯಾಂಡಲು. ನೀಳ ಟ್ಯಾಂಕಿ. ಒಂಟಿ ಸೀಟು,
ಅದರ ಬಾಲಕ್ಕೊಂದು ಡುಬ್ಬ. ಸೈಲೆನ್ಸರಿಗೆ
ಮುರಿದ ಕೈಗೆ ಸುತ್ತಿದಂಥ ಬಟ್ಟೆ.
"ಚಂದ ಉಂಟು," ಅಂದರು. "ಚಾ ಎಲ್ಲಿ ಉಂಟು?"

ಹುಡುಗನಿಗೆ ಅರ್ಥವಾಗಲಿಲ್ಲ. ನನಗಾಯಿತು.

ಬಂದ್ಯೋಡಿನಲ್ಲಿ ಆಗ ನಮ್ಮಪ್ಪನ ಹೋಟೆಲು.
ಗ್ಲಾಸು ತೊಳೆಯುವವಳು ನಾನು, ತೀರ್ಪು ಹೇಳುವವಳೂ ನಾನೇ.
ಅಣ್ಣ ಜಯಕರನ ಯೆಜ್ದಿ ಬಾಗಿಲಲ್ಲಿ ಗುಡುಗುಡು.
ಅಪ್ಪ ಚಾ ಎತ್ತಿ ಹೊಯ್ದು ಮೇಜಿಗೆ ಕುಟ್ಟಿದ್ದೇ ತಡ
ಹೊರಟ: ಶಿರಿಯ ಸಂಕ ಮುಟ್ಟಿ ಬರಬೇಕು
ಗ್ಲಾಸಿನ ಮೇಲೆ ಕೆನೆ ಕಟ್ಟುವ ಮೊದಲು.
ಕಟ್ಟಿದರೆ ಕೂತವರಿಗೆಲ್ಲ ಗೋಳಿಬಜೆ, ಅವನ ಲೆಕ್ಕ.

ಮೊದಮೊದಲು ಬರೀ ಸೋತ.
ಸೋತ ಹಾಗೆಲ್ಲ ಒಂದೊಂದೇ ಬಿಚ್ಚಿದ:
ಲೆಗ್‌ಗಾರ್ಡು, ಕ್ಯಾರಿಯರು, ಹಿಂದಿನ ಮಡ್‌ಗಾರ್ಡು.
ಸೀರೆಗಾರ್ಡು ಬಿಚ್ಚಿದ ದಿನದಿಂದ ಅಮ್ಮ
ಕುಂಬಳೆ ಪೇಟೆಗೆ ಬಸ್ಸಿನಲ್ಲೇ ಹೋದಳು, ಮಾತಿಲ್ಲ.
ಅದನ್ನು ಬಾವಿಕಟ್ಟೆಯ ಬಳಿ ಊರಿ ಬಸಳೆ ಹಬ್ಬಿಸಿದಳು.
ಆ ವಾರ ಅವನು ಗೆದ್ದ.
ನಿಜ ಹೇಳಿದರೆ ಕೆನೆ ಕಟ್ಟಿತ್ತು.
ನಾನು ಬೆರಳಲ್ಲಿ ತೆಗೆದು ನೆಕ್ಕಿದ್ದೆ.

ಈಗ ಹೋಟೆಲಿದ್ದಲ್ಲಿ ಆರು ಸಾಲಿನ ರಸ್ತೆ,
ಒಲೆಯ ಜಾಗದಲ್ಲಿ ಕಾಂಕ್ರೀಟು ಗೋಡೆ.
ಜಯಕರ ಶಾಲೆಯ ವ್ಯಾನು ಓಡಿಸುತ್ತಾನೆ,
ಮೂವತ್ತು ದಾಟಿಸುವುದಿಲ್ಲ.

"ಬಂಡಿ ಸಾಕಾಗುವುದಿಲ್ಲ ಮೋನೇ," ಅಂದರು ಅಂದುಂಞಿಚ್ಚ,
"ಇಲ್ಲೊಂದು ಗ್ಲಾಸು ತಣಿಯುತ್ತ ಇರಬೇಕು."
ನಾನು ಚೀಲದಿಂದ ಫ್ಲಾಸ್ಕು ತೆಗೆದೆ,
ಸರ್ವಿಸ್ ರಸ್ತೆಯ ಕಟ್ಟೆಯ ಮೇಲೆ ಹೊಯ್ದಿಟ್ಟೆ.
ಹುಡುಗ ಹೋದ. ಸದ್ದು ಭಾರೀ ಚಂದ.
ಐದು ನಿಮಿಷ. ಹತ್ತು.
ಒಂದು ಗ್ಯಾಸಿನ ಟ್ಯಾಂಕರು, ಎರಡು ಮೀನಿನ ಲಾರಿ.
ಅತ್ತ ಹೋದವನಿಗೆ ಇತ್ತ ತಿರುಗಲು ಎಡೆಯೇ ಇಲ್ಲ,
ಕುಂಬಳೆಯವರೆಗೂ ಗೋಡೆ.

ಬಂದಾಗ ಬೆವರಿ ತೊಯ್ದಿದ್ದ. ಹೆಲ್ಮೆಟ್ಟು ತೆಗೆಯುವ ಮೊದಲೇ
"ಕೆನೆ ಕಟ್ಟಿತಾ ಅಕ್ಕ?"
ಬಂಡಿ ಎಲ್ಲಿ ವಾಲಿಸಿದ್ದಾನೆಂದು ಅವನಿಗೇ ನೆನಪಿಲ್ಲ.
ನಾನು ಬೆರಳು ಸೆರಗಿಗೆ ಒರೆಸಿ ಅಂದೆ, ಇಲ್ಲ.

ಅಂದುಂಞಿಚ್ಚ ಲಾರಿಗಳ ಕಡೆ ನೋಡುತ್ತಿದ್ದರು.
"ಆ ಹಾರ್ನು ಬಿಚ್ಚು," ಅಂದರು. "ಭಾರ ಅದು."