ಇಲ್ಲ್

ಹಾಜರಿ ಪುಸ್ತಕದ ವಿಳಾಸದ ಕಾಲಮ್ಮಿನಲ್ಲಿ
ಹುಲಿಗೆವ್ವನ ಸಾಲು ಮಾತ್ರ ಬೆರಳಿಗೆ ಉಬ್ಬಿ ಸಿಗುತ್ತದೆ.
ಬಿಳಿ ಹಚ್ಚಿ ಬರೆದು, ಬಿಳಿ ಹಚ್ಚಿ ಬರೆದು
ಕಾಗದಕ್ಕೆ ಅಲ್ಲೊಂದು ಜಡ್ಡು.

ಜೂನಿನಲ್ಲಿ ಬರೆದದ್ದು:
ಬಿಜೈ, ಕಟ್ಟುತ್ತಿರುವ ಫ್ಲಾಟು, ನಾಲ್ಕನೇ ಮಾಳಿಗೆ.
ಕಿಟಕಿಯ ಜಾಗದಲ್ಲಿ ಸಿಮೆಂಟು ಚೀಲದ ಪರದೆ,
ಲಿಫ್ಟಿನ ಗುಂಡಿಗೆ ಅಡ್ಡ ಒಂದು ಹಲಗೆ.
ಅಪ್ಪನಿಗೆ ಸೆಂಟ್ರಿಂಗ್ ಕೆಲಸ, ಅವ್ವ ಶಾವಂತ್ರವ್ವ ಜಲ್ಲಿ ಹೊರುತ್ತಾಳೆ.
"ಅಲ್ಲಿಂದ ಸಮುದ್ರ ಕಾಣತೈತ್ರೀ ಟೀಚರ್,"
ಅಂದಿದ್ದಳು ಮೊದಲ ವಾರ.
ನನ್ನ ಅಡುಗೆಮನೆಯಿಂದ ಕಾಣುವುದು
ಪಕ್ಕದವರ ನೀರಿನ ಟ್ಯಾಂಕಿ.
ಸ್ವಲ್ಪ ಹೊಟ್ಟೆಕಿಚ್ಚಾಗಿದ್ದೂ ಹೌದು.

ಟೈಲ್ಸಿನವರು ಬಂದ ದಿನ ಇವರು ಇಳಿದರು.
ಬಾಗಿಲುಗಳು ಬಂದದ್ದೂ ಅದೇ ಲಾರಿಯಲ್ಲಂತೆ.

ಬಾಕಿ ಕೂಲಿ ಕೇಳುತ್ತ ಮೇಸ್ತ್ರಿಯ ಹಿಂದೆ
ಕಾರವಾರಕ್ಕೋ ಗೋವಾಕ್ಕೋ ಹೋದ ಅಪ್ಪ ಅಲ್ಲೇ ಉಳಿದ.
ಆಗಸ್ಟಿನ ವಿಳಾಸ: ಬಂದರು, ಅಂಗಡಿ ಜಗಲಿ.
ಅಂಗಡಿ ಮುಚ್ಚುವುದು ರಾತ್ರಿ ಒಂಬತ್ತೂವರೆಗೆ,
ಒಣಮೀನಿನ ಮೂಟೆ ಇಳಿಯುವುದು ಬೆಳಗಿನ ನಾಲ್ಕೂವರೆಗೆ.
ನಡುವೆ ಎಷ್ಟು ಹೊತ್ತು ಉಳಿಯುತ್ತದೋ
ಅಷ್ಟು ಮನೆ.
ಮೀನು ಮುಟ್ಟದ ಹುಡುಗಿಯ ಚೀಲದಲ್ಲಿ, ಜಡೆಯಲ್ಲಿ
ಮೀನಿನ ವಾಸನೆ.
ಬೆಂಚಿನ ಮೇಲೆ ಉಳಿದ ಮಕ್ಕಳು ಸರಿದು ಸರಿದು
ಅವಳಿಗೆ ಇಬ್ಬರ ಜಾಗ ಬಿಟ್ಟುಕೊಟ್ಟಿದ್ದರು.

ಎರಡನೇ ಪಿರಿಯಡ್ಡಿನಲ್ಲಿ ಗುಣಾಕಾರ.
ತೂಕಡಿಸಿದಳೆಂದು ಬೆಂಚಿನ ಮೇಲೆ ನಿಲ್ಲಿಸಿದೆ.
ನಿಂತೇ ನಿದ್ದೆ ಹೋದಳು.
ಮಕ್ಕಳು ನಕ್ಕರು.
ನಾನು ನಕ್ಕೆನೋ ಇಲ್ಲವೋ
ನೆನಪಿಲ್ಲ ಎಂದು ಬರೆಯುತ್ತಿದ್ದೇನೆ.

ಒಂದು ಭಾನುವಾರ ನಸುಕಿಗೇ
ಬಂಗುಡೆಗೆಂದು ಬಂದರಿಗೆ ಹೋದವಳು ಕಂಡೆ:
ಶಾವಂತ್ರವ್ವನ ಕೈಮಣಿಕಟ್ಟಿಗೂ
ಐದು ವರ್ಷದ ಯಮನೂರನ ಕೈಮಣಿಕಟ್ಟಿಗೂ
ಸೀರೆಯ ಸೆರಗಿನ ಗಂಟು.
ಇಬ್ಬರಿಗೂ ನಿದ್ದೆ.
ಹುಲಿಗೆವ್ವ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಬಿಟ್ಟು.
"ಎರಡರಿಂದ ನಂದ್ರೀ ಪಾಳಿ," ಅಂದಳು,
ನಾನೇನೋ ಕೇಳಿದ ಹಾಗೆ.
ಆಮೇಲೆ, ತುಸು ಹೊತ್ತಿನ ಮೇಲೆ:
"ಆ ಫ್ಲಾಟಿನ ಬಾಗಲಾ ಬಂದ್ವಲ್ರೀ,
ಚಿಲಕ ಒಳಗಿಂದ ಇರತೈತೋ, ಹೊರಗಿಂದೋ?"
ನನ್ನ ಕೈಚೀಲ ಖಾಲಿಯಿತ್ತು. ಖಾಲಿಯೇ ಮನೆಗೆ ಬಂತು.

ಮರುದಿನ ತನ್ವಿತಾ ಅವಳನ್ನು ಕೇಳುತ್ತಿದ್ದಳು:
"ನಿನ್ನ ಇಲ್ಲ್ ಓಲು?"
"ಇಲ್ಲ."
"ಇಲ್ಲ್ ಯಾ, ಇಲ್ಲ್! ಓಲುಂಡು?"
"ಇಲ್ಲ ಅಂದ್ನೆಲ್ಲ!"
ಜಗಳವೆಂದು ಬಿಡಿಸಲು ಎದ್ದವಳು ಅಲ್ಲೇ ನಿಂತೆ.
ತುಳುವಿನಲ್ಲಿ ಮನೆಗೆ ಇಲ್ಲ್ ಎನ್ನುತ್ತೇವೆ.
ನನಗೀಗ ನಲವತ್ತಾರು. ಹುಟ್ಟಿದಾಗಿನಿಂದ
ಎರಡು ಭಾಷೆಯನ್ನೂ ಒಂದೇ ನಾಲಿಗೆಯಲ್ಲಿ ಆಡಿಕೊಂಡವಳಿಗೆ
ಅವೆರಡು ಮಾತು ಇಷ್ಟು ಒತ್ತಿಕೊಂಡು ಮಲಗಿರುವುದು
ಕೇಳಿಸಿದ್ದು ಅವತ್ತೇ.
ಅರ್ಧ ಉಸಿರಿನ ಗೋಡೆ.

ಯಮನೂರನಿಗೆ ತುಳು ಬೇಗ ಹತ್ತಿತು.
ಬಿಸಿಯೂಟಕ್ಕೆ ಅಕ್ಕನ ಜೊತೆ ಬರುತ್ತಿದ್ದವನು
ತಟ್ಟೆ ಬಡಿಯುತ್ತ ಅಂಗಳವಿಡೀ ಓಡುತ್ತಿದ್ದ:
"ಇಲ್ಲ್ ಉಂಡು! ಇಲ್ಲ್ ಉಂಡು!"
ಮನೆ ಇದೆ ಎಂದು ಅದರ ಅರ್ಥ.
ಬಡಿಸುವ ಗುಲಾಬಿಯಕ್ಕ ನಕ್ಕು ಇನ್ನೊಂದು ಸೌಟು ಹಾಕುತ್ತಿದ್ದಳು.
ಅವನ ಅವ್ವನ ಕನ್ನಡಕ್ಕೆ ಅದು ಕೇಳಿಸಿದ್ದು ಬೇರೆ.
"ಇಲ್ಲ ಅಂತೀ, ಉಂಡು ಅಂತೀ,
ಏನ್ ಉಂಡ್ಯೋ ನನ್ನಪ್ಪಾ," ಎಂದು
ಅವನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು.

ಮೂರನೆಯ ವಿಳಾಸ ಪೂರ್ತಿಯಾಗಿಲ್ಲ.
"ಕೂಳೂರು ಸೇತುವೆಯ" ಎಂದು ಬರೆದು ಪೆನ್ನು ತಡೆದೆ.
ಸರ್ಕಾರದ ಪುಸ್ತಕದಲ್ಲಿ "ಕೆಳಗೆ" ಎಂದು ಬರೆಯಬಹುದೇ?
ಹೆಡ್ಮಾಸ್ತರರನ್ನು ಕೇಳೋಣವೆಂದು ಎರಡು ದಿನ ಬಿಟ್ಟೆ.
ಆ ಎರಡು ದಿನದೊಳಗೆ
ಸೇತುವೆಯ ಬುಡವನ್ನು ಯಾರೋ ಗುಡಿಸಿ
ತಂತಿಬೇಲಿ ಹಾಕಿದರು.

ಈಗ ಡಿಸೆಂಬರು.
ಹೆಸರು ಹೊಡೆದುಹಾಕಿಲ್ಲ, ಕಾರಣದ ಕಾಲಮ್ಮು ತುಂಬಿಲ್ಲ.
ದಿನಾ ಕರೆಯುತ್ತೇನೆ, ಹುಲಿಗೆವ್ವ ಎಂದು.
ನಮ್ಮ ಮಕ್ಕಳು, ಕೊನೆಯ ಸ್ವರ ನುಂಗಿಯೇ ಅಭ್ಯಾಸ,
ಒಟ್ಟಿಗೆ ಹೇಳುತ್ತವೆ:
ಇಲ್ಲ್, ಟೀಚರ್.
ತಿದ್ದಬೇಕು. ತಿದ್ದುವುದಿಲ್ಲ.
ಮುಂದಿನ ಹೆಸರು ಕರೆಯುತ್ತೇನೆ.