ಸೀಸ

ತಗಡಿನ ಕೊಳವೆಯಿಂದ ಸುರುಳಿ ಎಳೆದಾಗ
ಮೊದಲು ಬಂದದ್ದು ವಾಸನೆ:
ನುಸಿಗುಳಿಗೆ, ಹಳೇ ಅಂಟು, ಯಾವುದೋ ದೇಶದ ಥಂಡಿ.
ಆಮೇಲೆ ಒಂದು ಕಾಲು. ಬರಿಗಾಲು. ಇದ್ದಿಲಲ್ಲಿ ಬರೆದದ್ದು.
ಅಶೋಕ ರಸ್ತೆಯ ನಮ್ಮ ಫ್ರೇಮ್ ಅಂಗಡಿಯ ಮೇಜು ಸಾಲದೆ
ಉಳಿದ ಹೆಂಗಸನ್ನು ನೆಲಕ್ಕೆ ಹಾಸಿದೆ,
ನಾಲ್ಕು ಮೂಲೆಗೆ ನಾಲ್ಕು ಮೊಳೆಡಬ್ಬಿ.

‘ಆಸ್ಪತ್ರೆಯ ಹಳೇ ಬೀರು ತೆಗೆದಾಗ ಸಿಕ್ತು,
ಕಟ್ಟು ಹಾಕಿಕೊಡಮ್ಮ’ ಅಂದಿದ್ದರು ಸಿಸ್ಟರ್ ಫ್ಲೇವಿಯಾ.
ಹೆರಿಗೆ ವಾರ್ಡಿನ ಪಕ್ಕದ ಪ್ರಾರ್ಥನೆ ಕೋಣೆ,
ಅದರ ಬಣ್ಣದ ಕಿಟಕಿಗೆ ಇದೇ ಮೂಲ.
ಅಡಿಯಲ್ಲಿ ಸಣ್ಣಗೆ: ಹೆಸ್ಟರ್ ಲಾಮ್, ಲಂಡನ್, ೧೯೧೩.
ಗಾಜು ಹಡಗು ಹತ್ತಿತು. ಅವಳು ಹತ್ತಲಿಲ್ಲ.

ಆ ಕಿಟಕಿ ನನಗೆ ಗೊತ್ತು.
ಬಾವಿಕಟ್ಟೆಯಲ್ಲಿ ಕೂತು ನೀರು ಕೇಳುವ ಸ್ವಾಮಿ,
ಕೊಡಬೇಕೋ ಬೇಡವೋ ಎಂದು ಕೊಡ ಹಿಡಿದು ನಿಂತವಳು.
ಅವನ ತಲೆಯ ಹಿಂದಿನ ಹೊಂಬಣ್ಣದ ಉಂಗುರವನ್ನು
ಏಳು ವರ್ಷದ ನಾನು ಸಿಂಬೆ ಅಂದುಕೊಂಡಿದ್ದೆ.
ಅವಳದನ್ನು ಇವನು ಯಾಕೆ ಇಟ್ಟುಕೊಂಡಿದ್ದಾನೆ, ಅಪ್ಪ?
ಕೆಳಗಿನ ಸಾಲು ಯಾರಿಗೂ ಓದಲು ಬರುತ್ತಿರಲಿಲ್ಲ;
ಹೀಬ್ರೂ ಇರಬೇಕು ಎಂದು ಕೈಮುಗಿಯುತ್ತಿದ್ದೆವು.

ಅಪ್ಪ ಇನ್ನಾಸಪ್ಪ ಒಮ್ಮೆ ಅದರ ರಿಪೇರಿಗೆ ಹೋಗಿದ್ದ.
ಚೆಂಡು ಬಿದ್ದು ಬಾವಿಯ ನೀರು ಒಡೆದಿತ್ತು.
ಆ ಹಸಿರು ಇಡೀ ಮೈಸೂರಲ್ಲಿ ಸಿಗದೆ
ಗೋಲಿ ಸೋಡಾದ ಸೀಸೆ ಕೊಯ್ದು ಕೂರಿಸಿದ.
‘ಸೀಸದಕಡ್ಡಿಯಲ್ಲಿ ಬರೀತಾರೆ, ಸೀಸದಲ್ಲಿ ಕಟ್ತಾರೆ,
ಸೀಸೆಯಲ್ಲಿ ತೇಪೆ ಹಾಕ್ತೀವಿ. ಅಷ್ಟೇ ಮಗಳೇ ವಿದ್ಯೆ.’

ಈಗ ನೆಲದ ಮೇಲೆ ಚೂರು ಚೂರಿಗೂ ನಂಬರು.
ನೀರು ನಲವತ್ತೊಂದು. ಕೊಡ ಮೂವತ್ತು, ಮೂವತ್ತೊಂದು.
ಬಣ್ಣ ಬಣ್ಣ ಕೂಡುವಲ್ಲೆಲ್ಲ ಬೆರಳಗಲ ಕಪ್ಪು ಗೆರೆ,
ಅದು ಸೀಸದ ಜಾಗ.
ಅಂಚಿನಲ್ಲಿ ಚಹಾ ಬಟ್ಟಲಿನ ಗುರುತು, ಪಕ್ಕದಲ್ಲಿ ಬರಹ:
‘ಮುಖ — ಮಾರ್ಥಾ, ಬಟ್ಟೆ ಒಗೆಯುವವಳು, ಬುಧವಾರ ಮಾತ್ರ ಬಿಡುವು.’
ಮಾರ್ಥಾಳಿಗೆ ಸೀರೆ ಉಡಿಸಿದ್ದಾಳೆ, ಯಾರದೋ ಕಾಗದ ಓದಿ.
ನೆರಿಗೆ ಪರವಾಗಿಲ್ಲ.
ಸೆರಗು ಬಲಭುಜಕ್ಕೆ.

ಬಲಭುಜಕ್ಕೆ?
ಕಿಟಕಿಯಲ್ಲಿ ಎಡಕ್ಕಿದೆ, ನಮ್ಮಂತೆ, ಎಲ್ಲರಂತೆ.
ಅಂಗಡಿ ಮುಚ್ಚಿ ಆಸ್ಪತ್ರೆಗೆ ನಡೆದೆ.
ಹೀಬ್ರೂವನ್ನು ಫೋನಿನಲ್ಲಿ ಹಿಡಿದು ತಿರುವಿ ನೋಡಿದೆ:
ಇಂಗ್ಲಿಷು. ‘ನನಗೆ ಕುಡಿಯಲು ಕೊಡು.’

ನೂರು ವರ್ಷದ ಹಿಂದೆ ಯಾವನೋ ಗಾರೆಯವನು
ಒಳಗನ್ನು ಹೊರಗು ಮಾಡಿ ಕೂರಿಸಿಬಿಟ್ಟಿದ್ದಾನೆ.
ಗೊತ್ತಿಲ್ಲದೆಯೋ. ಅಥವಾ ಒಂದು ಗಳಿಗೆ
ಗಾಜನ್ನು ಬಿಸಿಲಿಗೆ ಹಿಡಿದು, ಸೆರಗು ನೋಡಿ,
‘ಇದೇನು ಅವತಾರ’ ಅಂತ ತಿರುಗಿಸಿದನೋ.
ಒಳಗಿರಬೇಕಾದ ಕುಂಚದ ಕೆಲಸ ಬೀದಿಗೆ ಬಿತ್ತು.
ಹುಬ್ಬು, ಮೂಗು, ಅರ್ಧ ತೆರೆದ ತುಟಿ,
ಒಂದೊಂದು ಮಳೆಗಾಲಕ್ಕೆ ಒಂದಿಷ್ಟು ತೊಳೆದುಹೋಯಿತು.
ಸೆರಗು ಸರಿಹೋದವಳಿಗೆ ಮುಖ ಇಲ್ಲ.
ಚೂರು ನಂಬರು ಹನ್ನೆರಡು: ಬರೀ ಜೇನುಬಣ್ಣ.
ನೋವು ಬಂದವರು ಗೋಡೆ ಹಿಡಿದು ಓಡಾಡುವಾಗ
ಅದನ್ನೇ ನೋಡುತ್ತಾ ಉಸಿರು ಎಣಿಸುತ್ತಾರೆ.

ವಾಪಸು ಬಂದು ದೀಪ ಹಾಕಿದೆ.
ನೆಲದ ಮೇಲೆ ಮಾರ್ಥಾ, ಹುಬ್ಬು ಸಮೇತ,
ಬುಧವಾರದ ಸುಸ್ತು ಸಮೇತ,
ಕೂರು ಅಂತ ಯಾರಾದರೂ ಹೇಳಲಿ ಎಂಬ ಹಾಗೆ.

ನನ್ನ ಕಷ್ಟ ಬೇರೆ. ಚಿತ್ರ ಎಂಟಡಿ,
ನನ್ನಲ್ಲಿರುವ ದೊಡ್ಡ ಗಾಜು ಆರಡಿ.
ಎರಡು ಗಾಜು ಕೂಡಿಸಲೇಬೇಕು, ಕೂಡು ಕಾಣಲೇಬೇಕು.
ಎಲ್ಲಿ? ಕೊರಳಿಗೆ ಬರಬಾರದು, ಕೊಡಕ್ಕೂ ಬರಬಾರದು.
ಅಳತೆಪಟ್ಟಿ ಹಿಡಿದು ಮಂಡಿಯೂರಿ ಹುಡುಕಿದೆ.
ಸೀರೆಯಂಚಿಗೂ ಪಾದಕ್ಕೂ ನಡುವೆ
ಹೆಸ್ಟರ್ ಆಗಲೇ ಎಳೆದಿಟ್ಟಿದ್ದಾಳೆ, ಬೆರಳಗಲ, ಕಪ್ಪು.
ಅದರ ಮೇಲೇ ವಜ್ರದ ಮೊನೆ ಓಡಿಸುವ ಅಳತೆ ಬರೆದುಕೊಂಡೆ.

ಬೆಳಿಗ್ಗೆ ಸಿಸ್ಟರಿಗೆ ಲೆಕ್ಕ ಕಳಿಸಿದೆ:
ತೇಗದ ಕಟ್ಟು, ಗಾಜು ಎರಡು, ಕೂಲಿ.
ಕಿಟಕಿ ಉಲ್ಟಾ ಇರುವ ಮಾತು ಬರೆಯಲಿಲ್ಲ.
ಅವರು ಕೇಳಿದರೆ ಹೇಳುತ್ತೇನೆ.