ಎಡದ ತಲೆ

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಿಂದೆ
ಕಲಾಯಿ ದಸ್ತಗೀರ್ ಸಾಬರ ಮುಂದೆ
ಸೆರಗಿನ ಗಂಟು ಬಿಚ್ಚಿ ಇಟ್ಟೆ:
ತಾತನ ರುಮಾಲಿನ ಹಿತ್ತಾಳೆ ಬಿಲ್ಲೆ,
ಮೈಸೂರು ಕುದುರೆ ಪಡೆಯ ಗಂಡಭೇರುಂಡ.
ಎಡದ ತಲೆ ಇಲ್ಲ.

"ಹೊಸದೊಂದು ಎರಕ ಹೊಯ್ದು ಬೆಸೆದುಕೊಡಿ,
ಆಗಸ್ಟ್ ಹದಿನೈದಕ್ಕೆ ಇಸ್ಕೂಲಿನವರು
ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ."

ಹೆಡ್‌ಮೇಷ್ಟ್ರು ಚೀಟಿ ಬರೆದೂ ಆಗಿತ್ತು:
ಕೊಕ್ಕಿನಲ್ಲೂ ಉಗುರಿನಲ್ಲೂ ಆನೆ ಎತ್ತಿ ಹಾರುವ ಹಕ್ಕಿ,
ದೊರೆಯ ಮುದ್ರೆ, ಸೋಲರಿಯದ ಗುರುತು.
ಈಟಿ ಹಿಡಿದು ಪರದೇಶದ ಮರಳಲ್ಲಿ ನುಗ್ಗಿದ
ವೀರ ಪಾಪಾಚಾರಿ, ನಮ್ಮೂರಿನವರು.

ಈಟಿ ಹಿಡಿದವನಲ್ಲ ತಾತ.
ಬಾಯಲ್ಲಿ ಮೊಳೆ ಕಚ್ಚಿ, ಗೊರಸು ತೊಡೆಯ ಮೇಲಿಟ್ಟು
ಲಾಳ ಹೊಡೆಯುತ್ತಿದ್ದ.
ಬಾಯಿ ತೆರೆದರೆ ಮೊಳೆ ಬಿದ್ದೀತೆಂಬಂತೆ
ಆಮೇಲೂ ಹಾಗೇ ಬದುಕಿದ.

ಅಜ್ಜಿಯ ಭೇರುಂಡದ ಕತೆಯಲ್ಲಿ ಆನೆಯೇ ಇರಲಿಲ್ಲ.
ಎರಡು ತಲೆ, ಒಂದೇ ಹೊಟ್ಟೆ.
ಒಂದಕ್ಕೆ ಹಣ್ಣು ಸಿಕ್ಕಿತು, ಹಂಚಲಿಲ್ಲ.
ಇನ್ನೊಂದು ಮುನಿಸಿಕೊಂಡು ವಿಷದ ಕಾಯಿ ನುಂಗಿತು.
ಹಣ್ಣಿನ ಮಾತು ಬಂದ ಕೂಡಲೇ
ತಾತ ಎದ್ದು ಹಿತ್ತಲಿಗೆ ಹೋಗುತ್ತಿದ್ದ.
ಬೀಡಿಗೆ ಅಂದುಕೊಂಡಿದ್ದೆ.

ದಸ್ತಗೀರ್ ಸಾಬರು ಬಿಲ್ಲೆಯನ್ನು ಬೆಳಕಿಗೆ ಹಿಡಿದರು.
"ಮುರಿದದ್ದಲ್ಲಮ್ಮ ಇದು.
ಮುರಿದಿದ್ದರೆ ಅಂಚು ಹಲ್ಲು ಹಲ್ಲಾಗಿರೋದು.
ಅರ ಹಾಕಿ ತೇಯ್ದಿದ್ದಾರೆ, ಗೊರಸು ತೇಯೋ ಅರ,
ಗೀರು ನೋಡಿ ಎಷ್ಟು ದಪ್ಪ.
ಒಂದೇ ದಿನದ ಕೆಲಸವೂ ಅಲ್ಲ."

ಜೊತೆಗೆ ಹೊರಟವನೊಬ್ಬನಿದ್ದ, ಸಯಿಸ ಬುಡನ್.
ಇಬ್ಬರಿಗೂ ಒಂದೇ ತಟ್ಟೆ, ಒಂದೇ ನೀರಿನ ಚೀಲ.
ಅಷ್ಟು ಅಜ್ಜಿಗೆ ಗೊತ್ತಿತ್ತು.
ಅವನು ಬರಲಿಲ್ಲ.
ರಂಜಾನಿಗೆ ಅವರ ಓಣಿಗೆ ಒಂದಚ್ಚು ಬೆಲ್ಲ
ಯಾರ ಕೈಲೂ ಕೊಡದೆ ತಾತನೇ ಒಯ್ಯುತ್ತಿದ್ದ,
ಹೊಸಲು ದಾಟುತ್ತಿರಲಿಲ್ಲ.
ಕಡೆಯ ಜ್ವರದಲ್ಲಿ ಗೋಡೆಗೆ ತಿರುಗಿ
"ನೀರಿತ್ತು ಬುಡಾ,
ಇತ್ತು" ಅಂದ.
ನಾವು ಲೋಟ ಹಿಡಿದು ಓಡಿದೆವು.

"ಬೆಸೆಯಲಾ?"
ಕುಲುಮೆಯಲ್ಲಿ ನವಸಾಗರದ ಹೊಗೆ,
ಬೀದಿಯಲ್ಲಿ ಬೆಂದ ಗೂಡಿನ ವಾಸನೆ.
ತೇಯ್ದ ಜಾಗದ ಮೇಲೆ ಹೆಬ್ಬೆರಳಿಟ್ಟೆ.
ನುಣುಪಾದೊಂದು ತಗ್ಗು,
ನನಗಿಂತ ದೊಡ್ಡ ಬೆರಳಿನದು.
"ಬೇಡ. ಹೊಳಪೂ ಕೊಡಬೇಡಿ."
ಅವರು ದುಡ್ಡು ಕೇಳಲಿಲ್ಲ,
ಯಾರದೋ ಮದುವೆಯ ಹಂಡೆ ಎಳೆದುಕೊಂಡರು.

ಹೆಡ್‌ಮೇಷ್ಟ್ರಿಗೆ, ಬಿಲ್ಲೆ ಸಿಗಲಿಲ್ಲ ಅಂದೆ.
ತಾತ ಮಾಡಿದ ಲಾಳ ಒಂದಿದೆ, ತರಲಾ?
ಸ್ವಲ್ಪ ಯೋಚಿಸಿದರು.
"ಲಾಳದಲ್ಲಿ ಗುರುತೇನೂ ಇರಲ್ಲವಲ್ಲಮ್ಮ."